ಮೆಣಸಿನಕಾಯಿ ಖೋಲಿಯಲ್ಲಿ ಸೌನಾ

ಅಥವಾ ಹೆಂಡತಿಗೆ ಹಿಡಿದುಕೊಂಡಿದ್ದದ್ದು ಎಡಗೈಯೇ ಇದ್ದೀತು. ಬಲಗೈ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬಲಗೈ ಎಂದೇ ಬರೆದಿದ್ದೇನೆ. ಒಳಗಿರುವ ಅವಳನ್ನು ಕೇಳಿದರೆ ಹೇಳಿಯಾಳು. ಆದರೆ ಕೇಳಿದ ಮೇಲೆ ಅದು ಅವಳ ನೆನಪಾಗುತ್ತದೆ, ನನ್ನದಾಗಿ ಉಳಿಯುವುದಿಲ್ಲ. ಸದ್ಯಕ್ಕೆ ಬಲಗೈ. ಮದುವೆಯೊಂದಕ್ಕೆ ಹುಬ್ಬಳ್ಳಿಗೆ ಹೋಗಿ ಹೋಟೆಲಿನಲ್ಲಿ ಉಳಿದಿದ್ದೆವು. ಅಲ್ಲಿನ ಸೌನಾದಲ್ಲಿ, ಅಂದರೆ ಬಿಸಿ ಉಗಿಯ ಕೋಣೆಯಲ್ಲಿ, ಕೂತು ಬಂದವಳು, ತಿಂಗಳುಗಟ್ಟಲೆ ಹೆಗಲಿನಿಂದ ಮೇಲೆ ಏಳದಿದ್ದ ಆ ಕೈಯೆತ್ತಿ ತಾನೇ ತುರುಬು ಕಟ್ಟಿಕೊಂಡಳು. ನಾನು ಕನ್ನಡಿಯಲ್ಲಿ ನೋಡಿದೆ. ಎಡಬಲದ ತಕರಾರು ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ಮರುದಿನ ರಾಣೇಬೆನ್ನೂರಿನ ಮನೆಗೆ ಬರುವಷ್ಟರಲ್ಲಿ ಕೈ ಮತ್ತೆ ಹಿಡಿದುಕೊಂಡಿತ್ತು. ಹೆಗಲಿನ ಕೀಲು ಬಿಗಿದಿದೆ, ಶಾಖ ಕೊಡಿ, ವ್ಯಾಯಾಮ ಮಾಡಿಸಿ, ಬಿಡುತ್ತದೆ, ಯಾವಾಗ ಅಂತ ಹೇಳಲಾಗದು ಎಂದು ಹಾವೇರಿಯ ಡಾಕ್ಟರು ಹೇಳಿದ್ದರು. ಅಲ್ಲಿಯತನಕ ಅವಳ ಹೆರಳು ನನ್ನ ಪಾಲಿಗೆ ಬಂದಿತ್ತು. ನನ್ನ ಬೀಜದ ಅಂಗಡಿಯ ಬಾಗಿಲು ತೆಗೆಯಲು ಹೋಗುವ ಮುಂಚೆ ನಾನೇ ಬಾಚಿ ಹೆಣೆಯುತ್ತಿದ್ದೆ. ನನಗೆ ಅದು ಬೇಸರದ ಕೆಲಸವಾಗಿರಲಿಲ್ಲ. ಅವಳಿಗಾಗಿತ್ತು.

"ಸಾಯೋತನಕ ನಿಮ್ಮ ಕೈಲೆ ಹೆರಳ ಹಾಕಿಸ್ಕೋಬೇಕೇನ್ರಿ? ಸೊಟ್ಟ ಬೈತಲಿ ತಗೊಂಡು ಎಷ್ಟಂತ ಓಡಾಡ್ಲಿ?"

ಮನೆಯಲ್ಲೇ ಒಂದು ಸೌನಾ ಮಾಡಿಸಿದರೆ ಹೇಗೆ ಎಂಬ ಮಾತು ಹೀಗೆ ಬಂತು. ಯಾರು ಮೊದಲು ಅಂದದ್ದೋ ತಿಳಿಯದು. ಖರ್ಚಿನ ಮಾತು ಬಂದಾಗ ಅಂದವನು ನಾನು ಎನ್ನುತ್ತಾಳೆ, ಉಳಿದ ಹೊತ್ತಿನಲ್ಲಿ ಅಂದವಳು ತಾನು ಎನ್ನುತ್ತಾಳೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಅವಳ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವನು ಬಹಳ ಹೊತ್ತು ನಕ್ಕ.

"ಮಾಮಾ, ನಾವು ಕಾಯಿ ಕೆಡಬಾರ್ದಂತ ಕೋಲ್ಡ್ ಸ್ಟೋರೇಜಿನ್ಯಾಗ ಇಡತೀವಿ. ನೀವು ನಮ್ಮಕ್ಕನ್ನ ಬೇಯಸಾಕ ಹೊಂಟೀರೇನು? ಏಪ್ರಿಲ್‌ನಾಗ ನಮ್ಮ ಗೋದಾಮಿಗೆ ಕಳಸ್ರಿ, ಪುಕ್ಕಟೆ ಬೆವರ್ತಾಳ."

ನಕ್ಕರೂ ಭಾನುವಾರ ಬಂದ. ಮನೆಯಲ್ಲಿ ಜಾಗವಿದ್ದದ್ದು ಅಡುಗೆಮನೆಯ ಹಿಂದಿನ ಸಣ್ಣ ಖೋಲಿಯೊಂದೇ. ಅವನು ಪ್ರತಿ ಸುಗ್ಗಿಗೆ ಕಳಿಸುವ ವರ್ಷದ ಮೆಣಸಿನಕಾಯಿಯ ಚೀಲ ಇರುತ್ತಿದ್ದದ್ದು ಅಲ್ಲಿಯೇ. ಚೀಲ ಹೊರಗಿಟ್ಟೆವು, ಗುಡಿಸಿದೆವು, ನೆಲ ತೊಳೆದೆವು. ಕಟ್ಟಿಗೆಯ ಹಲಗೆ ಹೊಡೆಸುವ ಮೊದಲು ಒಮ್ಮೆ ಕಾಯಿಸಿ ನೋಡೋಣ, ಕೈ ಏಳುತ್ತದೋ ಇಲ್ಲವೋ ತಿಳಿಯಲಿ ಎಂದವಳು ಹೆಂಡತಿ. ಬಚ್ಚಲ ಒಲೆಯಲ್ಲಿ ಗುಂಡುಕಲ್ಲು ಕಾಯಿಸಿ, ಕಬ್ಬಿಣದ ಬುಟ್ಟಿಯಲ್ಲಿ ತಂದು ಖೋಲಿಯ ನಡುವೆ ಇಟ್ಟೆವು. ಮೂವರೂ ಒಳಗೆ ಕೂತು ಬಾಗಿಲು ಹಾಕಿಕೊಂಡೆವು. ಏನಾದರೂ ವಾಸನೆ ಬರುತ್ತದೆಯೇ ಎಂದು ನಾನು ಕೇಳಿದ್ದು ನೆನಪಿದೆ. ಇಬ್ಬರೂ ಮೂಗೆಳೆದು ಇಲ್ಲ ಎಂದರು. ಹುಟ್ಟಿದಾಗಿನಿಂದ ಬ್ಯಾಡಗಿಯ ಮೆಣಸಿನ ಗಾಳಿಯನ್ನೇ ಉಸಿರಾಡಿದವರನ್ನು ಕೇಳಿದ್ದೆ.

ಕಲ್ಲಿನ ಮೇಲೆ ತಂಬಿಗೆ ನೀರು ಸುರಿದೆ. ಉಗಿ ಎದ್ದಿತು. ಮೊದಲು ಬೆವೆತದ್ದು ಗೋಡೆ. ಸುಣ್ಣದ ಮೇಲಿಂದ ನಸುಗೆಂಪು ಹನಿ ಇಳಿದವು. ಕೆಂಪನ್ನು ನಾನು ಆಮೇಲೆ ಸೇರಿಸಿದ್ದೂ ಇರಬಹುದು. ಘಾಟನ್ನು ಮಾತ್ರ ಸೇರಿಸಿಲ್ಲ. ವರ್ಷಾನುಗಟ್ಟಲೆ ಗೋಡೆ ಕುಡಿದಿದ್ದ ಮೆಣಸಿನ ಪುಡಿಯೆಲ್ಲ ಒಮ್ಮೆಲೇ ಎದ್ದು ಗಂಟಲಿಗೆ ಹೊಕ್ಕಿತು. ಬಾಗಿಲು ತೆರೆದು ಹಿತ್ತಲಿಗೆ ಓಡಿದೆವು. ಮೂವರೂ ಕೆಮ್ಮುತ್ತ, ಸೀನುತ್ತ, ಕಣ್ಣೀರು ಒರೆಸಿಕೊಳ್ಳುತ್ತ ತೊಳೆಯುವ ಕಲ್ಲಿನ ಸುತ್ತ ನಿಂತೆವು.

ಮೊದಲು ದನಿ ಬಂದದ್ದು ಅವಳ ತಮ್ಮನಿಗೆ. "ನಮ್ಮ ಕಾಯಿಗೆ ಬಣ್ಣ ಅಷ್ಟ, ಖಾರ ಇಲ್ಲ ಅಂತಿದ್ರಿ ಮಾಮಾ. ಈಗರೆ ಒಪ್ಪತೀರಿಲ್ಲೋ?"

"ಸಾಕ್ ಸುಮ್ನಿರೋ. ಒಳಗ ಹೋಗಿ ಕುಂದ್ರು ಹಂಗಾರ," ಎಂದಳು ಅಕ್ಕ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಕೆಮ್ಮೂ ತಡೆಯಲಾಗುತ್ತಿರಲಿಲ್ಲ.

ಗೋಡೆ ಕೆರೆಸಿ ಹೊಸದಾಗಿ ಗಿಲಾವು ಮಾಡಿಸೋಣ ಎಂದೆ. ಮುಖ ತೊಳೆದುಕೊಂಡು ಅವಳು ತೀರ್ಮಾನ ಹೇಳಿದಳು.

"ಬ್ಯಾಡ್ರಿ. ಕಾಯಿ ಎಲ್ಲಿ ಇಡೂದು ಮತ್ತ? ಬಚ್ಚಲದಾಗ ಮುಂಜಾನೆ ಹಂಡೆ ಕಾಯೋ ಮುಂದ ಬಾಗಲಾ ಹಾಕ್ಕೊಂಡು ಕುಂದ್ರತೇನಿ. ಅದೂ ಬಿಸೀನ ಅಲ್ಲ?"

ಹಾಗೆಯೇ ಮಾಡಿದಳು. ಮಣೆ ಹಾಕಿಕೊಂಡು ಹಂಡೆಯ ಪಕ್ಕ ಕೂರುವಳು, ಆಮೇಲೆ ಡಾಕ್ಟರು ತೋರಿಸಿದಂತೆ ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ನಡೆಸುವಳು. ನಾನು ಹೆರಳು ಹಾಕುತ್ತಿದ್ದೆ. ಬೈತಲೆ ನೆಟ್ಟಗೆ ಬರತೊಡಗಿತ್ತು. ಇದು ನನ್ನ ಅಭಿಪ್ರಾಯ.

ಆಮೇಲೊಂದು ದಿನ ಬೆಳಿಗ್ಗೆ ಬಾಚಣಿಗೆ ಹಿಡಿದು ಬಂದರೆ ಅವಳ ಹೆರಳು ಆಗಿತ್ತು. ಸಲೀಸಾಗಿ ಹೆಣೆದಿದ್ದಳು, ನಾನು ಎಂದೂ ಹೆಣೆಯದಷ್ಟು ಬಿಗಿಯಾಗಿ. "ಕೈ ಬಂತು ನೋಡ್ರಿ," ಎಂದಷ್ಟೇ ಹೇಳಿ ಚಹಾಕ್ಕೆ ಇಟ್ಟಳು. ಹಂಡೆಯ ಬಿಸಿಯಿಂದ ಬಂತೋ, ಗೋಡೆಯ ವ್ಯಾಯಾಮದಿಂದಲೋ, ಬಿಡುವ ಕಾಲಕ್ಕೆ ತಾನಾಗಿಯೇ ಬಿಟ್ಟಿತೋ ನನಗೆ ಗೊತ್ತಿಲ್ಲ. ಅದೇ ಬೆಳಿಗ್ಗೆ ಬಂದದ್ದೋ, ಅದಕ್ಕೂ ಮೊದಲೇ ಬಂದಿದ್ದರೂ ಕೆಲವು ದಿನ ಹೆರಳು ಹಾಕಿಸಿಕೊಳ್ಳಲೆಂದೇ ಸುಮ್ಮನೆ ನನ್ನೆದುರು ಬೆನ್ನು ಮಾಡಿ ಕೂತಿದ್ದಳೋ, ಅದೂ ಗೊತ್ತಿಲ್ಲ.