ದಿಢೀರ್ ಮೇಷ್ಟ್ರ ಪ್ರಶ್ನೆಗಳು

ನಮ್ಮನೆಯವರು ನನ್ನನ್ನು ನೋಡಲು ಬಂದ ದಿನವೇ ಪ್ರಶ್ನೆ ಕೇಳಿದ್ದರು. ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ, ಅಡುಗೆ ಬರುತ್ತಾ ಅಂತ ಕೇಳುವುದು ಆಗ ಹೊಸದುರ್ಗದ ಕಡೆ ಮಾಮೂಲು. ಅದಕ್ಕೆಲ್ಲ ಉತ್ತರ ತಯಾರು ಮಾಡಿಕೊಂಡೇ ನಾನು ತಟ್ಟೆ ಹಿಡಿದು ಹೊರಗೆ ಬಂದಿದ್ದೆ. ಈ ಮನುಷ್ಯ ಲೋಟದೊಳಗೆ ಇಣುಕಿ ನೋಡಿ, "ಟೀ ಮೇಲೆ ಕೆನೆ ಯಾಕೆ ಕಟ್ತೈತೆ?" ಅಂದರು. ನಮ್ಮಪ್ಪ ದಲ್ಲಾಳಿಯ ಮುಖ ನೋಡಿದರು. ನನಗೆ ಸಿಟ್ಟು ಬಂತು. ನಾನೂ ಟೀಚರ್ ಟ್ರೈನಿಂಗ್ ಮುಗಿಸಿದವಳು, ಇವರೇನು ನನ್ನ ಪರೀಕ್ಷೆ ಮಾಡುವುದು ಅನಿಸಿ, "ಕುಡಿಯೋರು ತಡ ಮಾಡಿದ್ರೆ ಕಟ್ತೈತೆ" ಅಂದೆ. ಎಲ್ಲರೂ ನಕ್ಕರು, ಅವರು ನಗಲಿಲ್ಲ. "ಸರಿ. ತಡ ಮಾಡಿದ್ರೆ ಯಾಕೆ ಕಟ್ತೈತೆ?" ಅಂದರು. ಅದಕ್ಕೆ ನಾನು ಉತ್ತರ ಹುಡುಕುವಷ್ಟರಲ್ಲಿ ಮದುವೆಯೇ ನಿಶ್ಚಯವಾಗಿತ್ತು.

ಅವರು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೊದಲು ಹೊಳಲ್ಕೆರೆ ತಾಲ್ಲೂಕಿನಲ್ಲಿದ್ದರು, ಕೊನೆಯ ವರ್ಷಗಳಲ್ಲಿ ಹಿರಿಯೂರಿನಿಂದಾಚೆ ಒಂದು ಹಳ್ಳಿಯಲ್ಲಿ. ಮನೆ ಮಾತ್ರ ಚಿತ್ರದುರ್ಗದಲ್ಲೇ ಮಾಡಿದ್ದೆವು. ನಾನು ಹಿರೇಗುಂಟನೂರಿನ ಕಡೆ ಒಂದು ಪ್ರೈಮರಿ ಶಾಲೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಇಬ್ಬರೂ ಡಬ್ಬಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಬೇರೆ ಬೇರೆ ಬಸ್ಸು ಹತ್ತುತ್ತಿದ್ದೆವು.

ಅವರ ಪಾಠಕ್ಕಿಂತ ಅವರ ಪ್ರಶ್ನೆಗಳೇ ಹೆಸರುವಾಸಿ. ನಾಳೆ ಕಿರುಪರೀಕ್ಷೆ ಅಂತ ಹೇಳಿ ಕೇಳುವ ಪೈಕಿ ಅಲ್ಲ. ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹುಡುಗಿಯನ್ನು, "ಸಾರಿನ ಪಾತ್ರೆಗೆ ಮರದ ಹಿಡಿ ಯಾಕೆ ಹಾಕಿಲ್ಲ, ಸೌಟಿಗೆ ಯಾಕೆ ಹಾಕೈತೆ?" ಅಂತ ಕೇಳುವರು. ಕುರಿ ಮೇಯಿಸುವ ಮನೆಯಿಂದ ಬಂದ ಮಕ್ಕಳನ್ನು, "ನಿಮ್ಮಪ್ಪ ಬೇಸಿಗೇಲೂ ಕಂಬಳಿ ಹೊದ್ಕೊಂಡು ಅಡ್ಡಾಡ್ತಾನಲ್ಲ, ಬೆಂದು ಹೋಗಲ್ವಾ?" ಅನ್ನುವರು. ಮಳೆಗಾಲದಲ್ಲಿ ಮಂಡಕ್ಕಿ ಯಾಕೆ ಮೆತ್ತಗಾಗುತ್ತದೆ, ಗುಡ್ಡದ ಮೇಲೆ ಕರೆಂಟು ತಯಾರಿಸುವ ಗಾಳಿ ಫ್ಯಾನಿಗೆ ಮೂರೇ ರೆಕ್ಕೆ ಯಾಕೆ, ಹೀಗೆ. ಮಕ್ಕಳು ಅವರಿಗೆ ದಿಢೀರ್ ಮೇಷ್ಟ್ರು ಅಂತ ಹೆಸರಿಟ್ಟಿದ್ದವು. ಆ ಹೆಸರು ಗೊತ್ತಾಗಿ ಅವರಿಗೆ ಖುಷಿಯೇ ಆಗಿತ್ತು.

ಕೈ ಎತ್ತಿದವರನ್ನು ಅವರು ಯಾವತ್ತೂ ಕೇಳುತ್ತಿರಲಿಲ್ಲ. ಉತ್ತರಕ್ಕೆ ಅಂಕ ಹಾಕುತ್ತಿರಲಿಲ್ಲ. "ಹಬ್ಬ ಐತೆ ಅಂತ ಗೊತ್ತಾದ್ರೆ ಎಲ್ಲಾರೂ ಮನೆ ಸಾರಿಸ್ತಾರೆ. ಹೇಳ್ದೆ ಕೇಳ್ದೆ ಹೋದ್ರೆ ತಾನೆ ಮನೆ ಹೆಂಗೈತೆ ಅಂತ ಕಾಣೋದು" ಅನ್ನುತ್ತಿದ್ದರು. ಸರಿ ಉತ್ತರ ಬಂದರೆ "ಶಭಾಷ್, ಯಾಕೆ?" ಅಂತ ಇನ್ನೊಂದು ಹೆಜ್ಜೆ ಎಳೆಯುವರು. ತಪ್ಪು ಉತ್ತರ ಸಿಕ್ಕರಂತೂ ಅವರಿಗೆ ಹೋಳಿಗೆ ಊಟ. ಅದನ್ನು ಹಿಡಿದುಕೊಂಡು, ಆ ಹುಡುಗ ತಾನೇ "ಅಯ್ಯೋ, ಹಂಗಲ್ಲ ಸಾರ್" ಅನ್ನುವ ತನಕ ಬಿಡುತ್ತಿರಲಿಲ್ಲ. ಬೆಲ್ಲು ಹೊಡೆದರೂ ಬಿಡುತ್ತಿರಲಿಲ್ಲ, ಮುಂದಿನ ಪೀರಿಯಡ್ಡಿನ ಮೇಷ್ಟ್ರು ಬಾಗಿಲಲ್ಲಿ ನಿಂತು ಕೆಮ್ಮಬೇಕಾಗುತ್ತಿತ್ತು.

ಮನೆಯಲ್ಲಿ ನಾನೂ ಮಗಳೂ ಅದೇ ಕ್ಲಾಸಿನ ಮಕ್ಕಳು. ಅನ್ನ ಬಡಿಸುವಾಗ, ಬಟ್ಟೆ ಒಣಗಿಸುವಾಗ, ನಾನು ತಲೆನೋವು ಅಂತ ಮಲಗಿದಾಗಲೂ ಪ್ರಶ್ನೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಬೈದುಕೊಂಡೇ ಉತ್ತರ ಹೇಳುತ್ತಿದ್ದೆ. ಈಗ ಅನ್ನಿಸುತ್ತದೆ, ಅವರ ಪ್ರಶ್ನೆ ನಮಗೆ ಅಷ್ಟು ರೂಢಿಯಾಗಿರದಿದ್ದರೆ ನಾವು ಇನ್ನೂ ಸ್ವಲ್ಪ ಬೇಗ ಕಣ್ಣು ಬಿಡುತ್ತಿದ್ದೆವೇನೋ.

ಯಾಕೆಂದರೆ ಪ್ರಶ್ನೆಗಳು ಬದಲಾಗಿದ್ದವು, ನಮಗೆ ತಿಳಿಯಲೇ ಇಲ್ಲ. ಮಾರಿಕಣಿವೆ ಡ್ಯಾಮು ತುಂಬಿ ಕೋಡಿ ಬಿದ್ದ ವರ್ಷ ಶಾಲೆಯ ಮಕ್ಕಳನ್ನು ನೋಡಲು ಕರೆದುಕೊಂಡು ಹೋಗಿದ್ದರು. ನೀರಿನ ಸದ್ದಿನಲ್ಲಿ ಜೋರಾಗಿ, "ಇದು ಯಾವ ಹೊಳೆ?" ಅಂತ ಕೇಳಿದರಂತೆ. ಮಕ್ಕಳೆಲ್ಲ "ವೇದಾವತಿ" ಅಂತ ಕೂಗಿದವು. "ಶಭಾಷ್" ಅಂದರಂತೆ. ಕ್ಲಾಸಿಗೆ ಬಂದ ಕೂಡಲೇ "ನಿನ್ನೆ ಎಲ್ಲಿಗೆ ನಿಲ್ಸಿದ್ವಿ, ಯಾರು ಹೇಳ್ತೀರಿ?" ಅನ್ನುವರು. ಯಾವ ಮೇಷ್ಟ್ರು ಹಾಗೆ ಕೇಳುವುದಿಲ್ಲ ಹೇಳಿ. ಸಂಜೆ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಜೊತೆಗಿದ್ದ ಹುಡುಗಿಯರನ್ನು, "ದುರ್ಗದ ಬಸ್ಸು ಎಲ್ಲಿ ನಿಲ್ತೈತೆ, ತೋರ್ಸಿ ನೋಡಾಣ" ಅನ್ನುವರು. ಆ ಮಕ್ಕಳು ಪೈಪೋಟಿ ಮೇಲೆ ಓಡಿಹೋಗಿ ಬಸ್ಸಿನ ಮುಂದೆ ನಿಲ್ಲುತ್ತಿದ್ದವು. ಇವರು ಹಿಂದೆಯೇ ಹೋಗಿ ಹತ್ತುತ್ತಿದ್ದರು.

ಹೊಳಲ್ಕೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಮಗಳು ಒಂದು ಸಲ ಫೋನಿನಲ್ಲಿ ನಗುತ್ತಾ ಹೇಳಿದಳು, "ಅಮ್ಮ, ಅಪ್ಪ ನನ್ನ ಮಗನ ಹೆಸರೇನು ಅಂತ ಕೇಳಿದ್ರು. ಹೆಸರಿನ ಅರ್ಥ ಕೇಳ್ತಾರೆ ಅಂದ್ಕೊಂಡು ಅದನ್ನೂ ಹೇಳ್ದೆ. ನಾನೇ ಮೊದ್ಲು ಹೇಳಿದ್ದಕ್ಕೆ ಸುಮ್ನಾದ್ರು ನೋಡು." ನಾನೂ ನಕ್ಕೆ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿರುತ್ತದೆ ಅಂತ ಕೇಳಿದಾಗ, "ನನ್ನ ಅಡುಗೆಮನೆಗೂ ಇನ್ಸ್‌ಪೆಕ್ಷನ್ನಾ?" ಅಂತ ರೇಗಿಸಿದ್ದೆ. ಅವರೂ ನಕ್ಕಿದ್ದರು. ತಮಗೆ ಏನಾಗುತ್ತಿದೆ ಅಂತ ಅವರಿಗೆ ಅಷ್ಟೊತ್ತಿಗೆ ಗೊತ್ತಿತ್ತಾ, ಗೊತ್ತಿದ್ದೇ ಆ ಹಳೆಯ ಅಭ್ಯಾಸದ ಮರೆಯಲ್ಲಿ ನಿಂತಿದ್ದರಾ ಅಂತ ಎಷ್ಟು ಸಲ ಯೋಚಿಸಿದ್ದೇನೋ.

ಆಮೇಲೆ ಆ ಬುಧವಾರ ಬಂತು. ಬೆಳಿಗ್ಗೆ ಇಬ್ಬರಿಗೂ ಅವಸರ. ಅವರು ಪ್ಯಾಂಟು ಶರ್ಟು ಹಾಕಿಕೊಂಡು ತಲೆ ಬಾಚುತ್ತಾ, "ಇವತ್ತು ಯಾವ ವಾರ, ಹೇಳು ನೋಡಾಣ" ಅಂದರು. ನಾನು ರೊಟ್ಟಿ ತಟ್ಟುತ್ತಿದ್ದೆ. ಕೈ ಬಿಡುವಿಲ್ಲದ ಹೊತ್ತಿನಲ್ಲಿ ಇದೊಂದು ಪ್ರಶ್ನೆ ಅಂತ ತಮಾಷೆಗೆ, "ಭಾನುವಾರ" ಅಂದೆ. ತಪ್ಪು ಉತ್ತರ ಕೊಟ್ಟರೆ ಅವರಿಗೆ ಹಬ್ಬ ಅಲ್ಲವೇ, ಹಿಡಿದುಕೊಂಡು ಕೀಟಲೆ ಮಾಡುತ್ತಾರೆ ಅಂತ ಕಾದೆ. ಬಾಚಣಿಗೆ ಗೂಡಿನಲ್ಲಿ ಇಟ್ಟ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಬಂದರು. ಪ್ಯಾಂಟು ತೆಗೆದು ಲುಂಗಿ ಉಟ್ಟಿದ್ದರು. "ಒಂಚೂರು ಹರಳೆಣ್ಣೆ ಕಾಸು, ತಲೆಗೆ ಹಚ್ಕೊಂಡು ನೀರು ಹಾಕ್ಕಂತೀನಿ" ಅಂದರು.

ಭಾನುವಾರ ಅವರಿಗೆ ಎಣ್ಣೆ ಸ್ನಾನ. ನಾನು ಅವರ ಮುಖ ನೋಡಿದೆ. ಕೀಟಲೆ ಇರಲಿಲ್ಲ. ರಜೆ ಸಿಕ್ಕ ಮನುಷ್ಯನ ನೆಮ್ಮದಿ ಇತ್ತು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ನಾನು ನೋಡುತ್ತಲೇ ನಿಂತಿದ್ದೆ. "ತಮಾಷೆ ಮಾಡಿದೆ ಕಣ್ರಿ, ಬುಧವಾರ ಇವತ್ತು" ಅಂದಾಗ, "ಓ, ಹೌದಾ" ಅಂದು ಮತ್ತೆ ಪ್ಯಾಂಟು ಹಾಕಿಕೊಳ್ಳಲು ಹೋದರು. ಅದನ್ನೂ ಹಾಗೇ ನಂಬಿದರು. ಒಬ್ಬ ಹುಡುಗನ ತಪ್ಪಿಗಾಗಿ ಬೆಲ್ಲು ಹೊಡೆದದ್ದನ್ನೇ ಲೆಕ್ಕಕ್ಕಿಡದಿದ್ದ ಮನುಷ್ಯ ನಾನು ಏನು ಹೇಳಿದರೂ ಒಪ್ಪಿಕೊಳ್ಳುತ್ತಿದ್ದರು. ಆ ದಿನ ನಾನೇ ಅವರ ಜೊತೆ ಹಿರಿಯೂರಿನ ಬಸ್ಸು ಹತ್ತಿದೆ.

ಶಾಲೆಯಲ್ಲಿ ಹೆಡ್‌ಮೇಡಂ, ಇವರಿಗೆ ಮರೆವು ಹತ್ತಿದೆ ಅನ್ನುವ ನನ್ನ ಮಾತು ನಂಬಲಿಲ್ಲ. "ಏನ್ ಮೇಡಂ ಹಿಂಗಂತೀರಿ, ಈ ವರ್ಷ ಸರ್ ಕ್ಲಾಸಿನ ಮಕ್ಕಳಷ್ಟು ಚೆನ್ನಾಗಿ ಉತ್ತರ ಹೇಳೋರು ಯಾರೂ ಇಲ್ಲ" ಅಂದರು. ನಿಜವೇ. ದಿನಾ ನಿನ್ನೆಯ ಪಾಠವನ್ನು ಮಕ್ಕಳೇ ಅವರಿಗೆ ಹೇಳಿಕೊಡುತ್ತಿದ್ದವು. ಸೂತ್ರ ಬಿಟ್ಟುಹೋದರೆ "ಮುಂದೆ ಏನು?" ಅನ್ನುವರು, ಇಡೀ ಕ್ಲಾಸು ಮುಂದಿನದನ್ನು ಹೇಳುವುದು, ಅವರು ಬೋರ್ಡಿನ ಮೇಲೆ ಬರೆಯುವರು. ಅವು ಪರೀಕ್ಷೆ ಪಾಸು ಮಾಡುತ್ತಿದ್ದೇವೆ ಅಂದುಕೊಂಡು ಪಾಠವನ್ನೇ ಹೊತ್ತುಕೊಂಡು ನಡೆದಿದ್ದವು. ಪಾಪ, ಒಂದಕ್ಕೂ ಗೊತ್ತಿರಲಿಲ್ಲ.

ದಾವಣಗೆರೆಯ ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಇದು ಯಾವ ವರ್ಷ, ಈಗ ಯಾವ ಊರಲ್ಲಿದ್ದೀರಿ, ನಾನು ಹೇಳಿದ ಪದಗಳನ್ನು ತಿರುಗಿ ಹೇಳಿ ಅಂತ ಒಂದಾದ ಮೇಲೊಂದು ಕೇಳಿದರು. ನಮ್ಮನೆಯವರು ನೆಟ್ಟಗೆ ಕೂತು ಪ್ರತಿ ಪ್ರಶ್ನೆಯನ್ನೂ ಗಮನವಿಟ್ಟು ಕೇಳಿಸಿಕೊಂಡರು. "ಒಳ್ಳೇ ಪ್ರಶ್ನೆ" ಅಂದರು. ನನ್ನ ಕಡೆ ತಿರುಗಿ, "ಹೇಳಮ್ಮ ನೀನು" ಅಂದರು. ನನ್ನ ಬಾಯಿ ತೆರೆದೇ ಬಿಟ್ಟಿತ್ತು. ಡಾಕ್ಟರು ಕೈ ಅಡ್ಡ ಹಿಡಿದು, "ಮೇಡಂ, ನೀವು ಹೇಳ್ಕೊಡಬಾರ್ದು" ಅಂದರು. ಕ್ಲಾಸಿನಲ್ಲಿ ಪಿಸುಗುಟ್ಟುವ ಮಕ್ಕಳಿಗೆ ಜೀವಮಾನವಿಡೀ ನಾನು ಹೇಳಿದ ಮಾತು ಅದು. ನನ್ನ ಗಂಡ ಉತ್ತರ ಬಾರದೆ ನನ್ನನ್ನು ನೋಡುತ್ತಾ ಕೂತಿದ್ದರು, ನನಗೆ ಗೊತ್ತಿದ್ದೂ ಹೇಳುವ ಹಾಗಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

ನಿವೃತ್ತಿಗೆ ಇನ್ನೂ ಕಾಲವಿದ್ದಾಗಲೇ ಅವರು ಶಾಲೆ ಬಿಟ್ಟರು. ಅವರ ಹಿಂದೆಯೇ ನಾನೂ ಸ್ವಯಂ ನಿವೃತ್ತಿ ತೆಗೆದುಕೊಂಡೆ.

ಆಮೇಲೆ ಶುರುವಾಗಿದ್ದು ನೋಡಲು ಬರುವವರ ಕಾಟ. ಬಂದವರೆಲ್ಲ ಒಂದೇ ರಾಗ. ಚಪ್ಪಲಿ ಬಿಡುವ ಮೊದಲೇ ಅವರೆದುರು ಬಗ್ಗಿ, "ಸಾರ್, ನಾನ್ಯಾರು ಹೇಳ್ರಿ ನೋಡಾಣ?" ಉತ್ತರ ಬರದಿದ್ದರೆ ಜೋರಾಗಿ ಇನ್ನೊಂದು ಸಲ, ಕಿವಿ ಹೋಗಿದೆ ಅನ್ನುವ ಹಾಗೆ. ಬಾಳೆಹಣ್ಣು ತಂದವರೂ ಅದನ್ನೇ ಕೇಳುವರು, ಕೈಬೀಸಿಕೊಂಡು ಬಂದವರೂ ಅದನ್ನೇ. ಇವರು ಬೆವರುತ್ತಿದ್ದರು. ಪಂಚೆಯ ಅಂಚು ತಿರುವುತ್ತಾ ಬಾಗಿಲ ಕಡೆ ನೋಡುತ್ತಿದ್ದರು. ಹಿಂದೊಮ್ಮೆ ಅವರ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು ಓದು ಹತ್ತದ ಹುಡುಗಿಯನ್ನು ದಿನಾ ಎಬ್ಬಿಸಿ ನಿಲ್ಲಿಸುತ್ತಾರೆಂದು ಊಟಕ್ಕೆ ಕೂತಾಗ ಕುದಿದುಹೋಗಿದ್ದರು. "ಬರಲ್ಲ ಅಂತ ಗೊತ್ತಿದ್ದೂ ಕೇಳೋದು ಪ್ರಶ್ನೆ ಅಲ್ಲ, ಬಡಿಯೋದು" ಅಂದಿದ್ದರು. ಅದು ನೆನಪಾದ ದಿನ ನಾನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತೆ. "ನಿಮ್ಮ ಹೆಸರು, ಊರು ನೀವೇ ಮೊದ್ಲು ಹೇಳಿ ಒಳಗೆ ಬರ್ರಿ. ಅವರನ್ನ ಏನೂ ಕೇಳ್ಬೇಡ್ರಿ" ಅಂತ ಎಲ್ಲರಿಗೂ ಹೇಳತೊಡಗಿದೆ. ಬಹಳ ಮಂದಿ ಮುನಿಸಿಕೊಂಡರು. ಆ ಮೇಡಮ್ಮಿಗೆ ಜಂಬ ಅಂದರು. ಅನ್ನಲಿ.

ಬೇರೆಯವರನ್ನು ತಡೆದವಳಿಗೆ ನನ್ನ ಬಾಯಿ ಕಟ್ಟಿಕೊಳ್ಳುವುದೇ ಕಷ್ಟವಾಗಿತ್ತು. ನಾನು ಯಾರು ಅಂತ ಅವರಿಗೆ ಗೊತ್ತಿದೆಯಾ? ಅದೊಂದೇ ನನಗೆ ಬೇಕಿದ್ದದ್ದು. ಕೇಳಿದರೆ ಒಂದು ಗಳಿಗೆಯ ಕೆಲಸ. ಕೇಳಲಿಲ್ಲ. ಕೇಳದೆಯೇ ಗುರುತು ಹುಡುಕುತ್ತಿದ್ದೆ. ಬೆಳಿಗ್ಗೆ ಜಗಲಿಯಲ್ಲಿ ಕೂತವರು ನಾನು ಬಂದರೆ ಸರಿದು ಜಾಗ ಬಿಡುತ್ತಿದ್ದರು. ಗೊತ್ತಿದೆ ಅಂತ ಅವತ್ತೆಲ್ಲ ಹಿಗ್ಗುತ್ತಿದ್ದೆ. ಮಾರನೇ ದಿನ ಹಾಲಿನವಳಿಗೂ ಅಷ್ಟೇ ಮರ್ಯಾದೆಯಿಂದ ಸರಿದು ಕೂರುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವರ ಅಕ್ಕ ಹೊಸದುರ್ಗದಿಂದ ಬಂದಿದ್ದರು. ವಯಸ್ಸಾದವರು, ತಮ್ಮನನ್ನು ಎತ್ತಿ ಆಡಿಸಿದವರು, ಅವರಿಗೆ ನಾನು ಕಟ್ಟುಪಾಡು ಹೇಳಲು ಆಗುತ್ತದೆಯೇ. ನಾನು ನಡುಮನೆಯಲ್ಲಿ ಮೊರ ಹಾಕಿಕೊಂಡು ಶೇಂಗಾ ಸುಲಿಯುತ್ತಿದ್ದೆ. ಅವರು ತಮ್ಮನ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ, "ಏನಪ್ಪ, ನಾನು ಬ್ಯಾಡ ಬಿಡು. ಇವಳ್ಯಾರು ಹೇಳು, ಅಲ್ಲಿ ಕುಂತಾಳಲ್ಲ" ಅಂದರು.

ನಾನು ತಡೆಯಬೇಕಿತ್ತು. ತಡೆಯಲಿಲ್ಲ. ನಾನಾಗಿ ಕೇಳಿರಲಿಲ್ಲ, ಬೇರೆಯವರ ಬಾಯಲ್ಲಿ ಬಂದ ಮೇಲೆ ಉತ್ತರ ಕೇಳುವ ಆಸೆ ಬಿಡಲಾಗಲಿಲ್ಲ. ಮೊರ ಪಕ್ಕಕ್ಕಿಟ್ಟು ಕಾಯುತ್ತಾ ಕೂತೆ. ಇವರು ನನ್ನನ್ನು ಬಹಳ ಹೊತ್ತು ನೋಡಿದರು. ಹುಬ್ಬು ಗಂಟಿಕ್ಕಿದರು, ತುಟಿ ಅಲ್ಲಾಡಿತು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಮುಖದ ಮೇಲಿನ ಗಾಬರಿ ಹೋಯಿತು. ಎಷ್ಟೋ ದಿನದಿಂದ ಕೇಳಿರದ ಗಟ್ಟಿ ದನಿಯಲ್ಲಿ, "ಯಾರಿಗೆ ಗೊತ್ತು? ಗೊತ್ತಿದ್ದೋರು ಕೈ ಎತ್ರಿ" ಅಂದರು.

ನಾನು ಕೈ ಎತ್ತಿದೆ.

"ಹ್ಞಾಂ, ಹೇಳಮ್ಮ."

ಎದ್ದು ನಿಂತೆ. "ನಿಮ್ಮ ಹೆಂಡ್ತಿ, ಸಾರ್" ಅಂದೆ.

"ಶಭಾಷ್" ಅಂದರು. ಮುಖ ಅರಳಿತ್ತು, ಮಗು ಪಾಠ ಒಪ್ಪಿಸಿದಾಗ ಅರಳುತ್ತಿದ್ದ ಹಾಗೆ. "ಕುಂತ್ಕ."

ಅವರ ಅಕ್ಕ ನಕ್ಕು, "ನೋಡಿದ್ಯಾ, ಎಲ್ಲಾ ಗೊತ್ತೈತೆ ನನ್ ತಮ್ಮಂಗೆ" ಅಂದರು. ನಾನೂ ಹೂಂ ಅಂದು ಕೂತೆ. ಮೊರ ಹತ್ತಿರ ಎಳೆದುಕೊಂಡು ಶೇಂಗಾ ಸುಲಿಯತೊಡಗಿದೆ. ಪಕ್ಕದ ಮನೆಯವಳು ಅಂತ ನಾನು ಹೇಳಿದ್ದರೂ ಇವರು ಶಭಾಷ್ ಅನ್ನುತ್ತಿದ್ದರು.