ಮದುವೆಮನೆಯ ಪೆನ್‌ಡ್ರೈವ್ ಹಾಕಿದ ಮೇಲೆ

ಬ್ಲೌಸ್ ಪೀಸಿನ ಮೇಲೆ ಕತ್ತರಿ ಇಟ್ಟಿದ್ದೆ ಅಷ್ಟೆ, ಪಕ್ಕದಲ್ಲಿ ತೆರೆದಿಟ್ಟಿದ್ದ ಲ್ಯಾಪ್‌ಟಾಪಿನ ಕ್ಯಾಮೆರಾ ಲೈಟ್ ತಾನಾಗಿಯೇ ಹೊತ್ತಿಕೊಂಡಿತು.

ನಾನು ಮುಟ್ಟಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ನೋಡನೋಡುತ್ತಿದ್ದಂತೆ ಸ್ಕ್ರೀನ್ ತುಂಬ ಏನೇನೋ ಜಾಹೀರಾತು... ಒಂದನ್ನು ಮುಚ್ಚಿದರೆ ಇನ್ನೆರಡು. ಲಾಟರಿ, ಗೇಮ್, ನಡುನಡುವೆ ನೋಡಬಾರದ ಚಿತ್ರಗಳು. ಕೈಗೆ ಸಿಕ್ಕ ಲೈನಿಂಗ್ ಬಟ್ಟೆಯನ್ನು ಕ್ಯಾಮೆರಾ ಮೇಲೆ ಎಸೆದೆ.

ನಗಬೇಡಿ. ನನ್ನ ಭಯಕ್ಕೆ ಕಾರಣ ಇತ್ತು.

ಹಾರಂಗಿ ಕಡೆ ನಮ್ಮ ಮನೆ, ಮನೆಯಲ್ಲೇ ಟೈಲರಿಂಗ್. ಶ್ರೀಮಂಗಲದಂಥ ದೂರದ ಊರಿನ ಗಿರಾಕಿಗಳೂ ಇದ್ದಾರೆ. ಪ್ರತಿ ಸಲ ಟ್ರಯಲ್‌ಗೆ ಬರಲು ಆಗುತ್ತದೆಯೇ? ಬ್ಲೌಸ್ ಹಾಕಿಕೊಂಡು ಫೋಟೋ ತೆಗೆದು ಕಳಿಸುತ್ತಾರೆ, "ಇಲ್ಲಿ ಬಿಗಿ, ಇಲ್ಲಿ ಸಡಿಲ, ನೋಡಿ ಅಕ್ಕ" ಅಂತ. ಈಗೀಗ ನಮ್ಮ ಕೇರಿಯವರೂ ಹಾಗೇ ಮಾಡುತ್ತಾರೆ.

ಸೆರಗಿಲ್ಲದ ಫೋಟೋಗಳು. ಬೆನ್ನಿನ ಫೋಟೋಗಳು. ನಾನು ಹೆಂಗಸು, ಟೈಲರ್ ಅಕ್ಕ ಅನ್ನುವ ಒಂದೇ ಧೈರ್ಯದ ಮೇಲೆ ಕಳಿಸಿದವು.

ಫೋನಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಈ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದೆ. ಒಬ್ಬೊಬ್ಬರ ಹೆಸರಿಗೆ ಒಂದೊಂದು ಫೋಲ್ಡರ್.

ವೈರಸ್ ಎಲ್ಲಿಂದ ಬಂತು ಅಂತ ಯೋಚಿಸಬೇಕಾಗಲೇ ಇಲ್ಲ. ನಮ್ಮ ಕೇರಿಯಲ್ಲಿ ಮದುವೆ ಮುಗಿದರೆ ವಿಡಿಯೋ ಇರುವ ಪೆನ್‌ಡ್ರೈವ್ ಮನೆಯಿಂದ ಮನೆಗೆ ಹೋಗುತ್ತದೆ, ಹೆಪ್ಪಿನ ಮೊಸರು ಹೋದ ಹಾಗೆ. "ಮದುಮಗಳ ಬ್ಲೌಸಿನ ಬೆನ್ನು ಹೆಂಗಿದೆಯೋ ಹಂಗೇ ನನಗೂ ಬೇಕು" ಅಂತ ಒಬ್ಬಳು ಕೇಳಿದ್ದಳು. ಡಿಸೈನ್ ನೋಡಲು ಆ ಪೆನ್‌ಡ್ರೈವ್ ಹಾಕಿದ್ದೆ. ಎಷ್ಟು ಮನೆ ಸುತ್ತಿ ಬಂದಿತ್ತೋ ಏನೋ.

ಕುಶಾಲನಗರದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. "ವಿಂಡೋಸ್ ಹೊಸದಾಗಿ ಹಾಕ್ಬೇಕು, ಇನ್‌ಸ್ಟಾಲೇಷನ್ ಸಿಡಿ ಇದ್ಯಾ ಮೇಡಂ?" ಅಂದರು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಜೊತೆಗೆ ಚಾರ್ಜರ್ ಕೊಟ್ಟಿದ್ದೇ ಹೆಚ್ಚು, ಸಿಡಿ ಎಲ್ಲಿಂದ ತರಲಿ?

"ಬಿಟ್ಟು ಹೋಗಿ. ಫೋಟೋ ಎಲ್ಲ ಕಾಪಿ ತೆಗ್ದಿಟ್ಟು ಸರಿ ಮಾಡ್ತೀವಿ."

ಪಾಪ, ಒಳ್ಳೆಯ ಮಾತೇ ಆಡಿದರು. ಆದರೆ ಕಾಪಿ ತೆಗೆಯುವವರು ಕಣ್ಣು ಮುಚ್ಚಿಕೊಂಡು ತೆಗೆಯುತ್ತಾರಾ? ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಸ್ ಹತ್ತಿ ವಾಪಸ್ ಬಂದೆ.

ಪಕ್ಕದ ಮನೆಯಲ್ಲೇ ನನ್ನ ಓರಗಿತ್ತಿ ಸುಧಾ. ಎಸ್ಟೇಟ್ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಅವಳಿಗೆ. ಅವಳ ಹತ್ತಿರ ಅತ್ತೇಬಿಟ್ಟೆ.

"ಸಿಡಿ ಇಲ್ದಿದ್ರೆ ಪ್ರಾಣ ಹೋಯ್ತಾ? ಇದರ ಹೊಟ್ಟೆ ಒಳಗೇ ವಿಂಡೋಸಿಂದು ಒಂದು ಕಾಪಿ ಇಟ್ಟಿರ್ತಾರೆ ಕಣಕ್ಕ, ಹೊಸದ್ರಲ್ಲಿ ಹೆಂಗಿತ್ತೋ ಹಂಗೆ. ಹಳೇ ಓನರ್ ಅಳಿಸಿರದಿದ್ರೆ ಸಾಕು."

ಆನ್ ಮಾಡುವಾಗಲೇ ಒಂದು ಬಟನ್ ಟಕಟಕ ಒತ್ತಬೇಕಂತೆ. ಒತ್ತಿದಳು. ಮತ್ತೆ ಅದೇ ಜಾಹೀರಾತು. ಆಫ್ ಮಾಡಿ ಮತ್ತೆ ಒತ್ತಿದಳು. ಕೊನೆಗೆ ನೀಲಿ ಸ್ಕ್ರೀನ್ ಬಂತು... ಇತ್ತು, ಆ ಕಾಪಿ ಇತ್ತು!

"ಫೈಲ್ ಉಳಿಸ್ಕೊಳ್ಳೋದಾ, ಎಲ್ಲಾ ಅಳಿಸೋದಾ?"

"ಎಲ್ಲಾ ಅಳಿಸೇ."

"ನೀನು ಕೂಡಿಟ್ಟಿರೋ ಡಿಸೈನೂ ಹೋಗ್ತವೆ..."

"ಹೋಗ್ಲಿ ಬಿಡೆ. ಅವರ ಮಾನಕ್ಕಿಂತ ನನ್ನ ಡಿಸೈನ್ ದೊಡ್ಡದಾ?"

ಅಳಿಸಲು ಶುರುವಾಯಿತು. ಅದೇ ಹೊತ್ತಿಗೆ ಹೊರಗೆ ಗಾಳಿ ಎದ್ದಿತು.

ನಮ್ಮ ಕಡೆಯವರಿಗೆ ಗೊತ್ತು, ಗಾಳಿ ಎದ್ದರೆ ಎಲ್ಲೋ ಒಂದು ಕೊಂಬೆ ಲೈನ್ ಮೇಲೆ ಬಿತ್ತು ಅಂತಲೇ ಅರ್ಥ. ಈ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯಾವ ಕಾಲವಾಯಿತೋ, ಕರೆಂಟ್ ಹೋದರೆ ಇದೂ ಆಫ್.

"ಮಧ್ಯದಲ್ಲಿ ಹೋದ್ರೆ?" ಅಂದೆ.

"ಮತ್ತೆ ಆನ್ ಆಗೋದು ಕಷ್ಟ, ಅಂಗಡಿಗೇ ಕೊಡ್ಬೇಕು" ಅಂದಳು ಸುಧಾ, ನನ್ನ ಮುಖ ನೋಡದೆ.

ಬಲ್ಬ್ ಒಂದು ಸಲ ಮಿಣುಕಿತು. ಅಮ್ಮಾ ಕಾವೇರಮ್ಮ, ಇದೊಂದು ಮುಗಿಯೋವರೆಗೆ ಕರೆಂಟ್ ಹೋಗದ ಹಾಗೆ ನೋಡ್ಕೊಳ್ಳಮ್ಮ... ಬಾಯಿಬಿಟ್ಟೇ ಬೇಡಿಕೊಂಡೆ. ಸ್ಕ್ರೀನಿನ ಮೇಲಿನ ಅಂಕಿ ಕದಲಲೊಲ್ಲದು. ಸುಧಾ ನನ್ನ ಕೈ ಹಿಡಿದುಕೊಂಡು ಕೂತಿದ್ದಳು.

ಮುಗಿಯಿತು. ಲ್ಯಾಪ್‌ಟಾಪ್ ಹೊಸದರ ಹಾಗೆ ಎದ್ದು ನನ್ನ ಹೆಸರು ಕೇಳಿತು. ಒಂದು ಫೋಟೋ ಇಲ್ಲ, ಒಂದು ಫೋಲ್ಡರ್ ಇಲ್ಲ. ಅಬ್ಬಾ, ಬದುಕಿದೆ ಅಂದುಕೊಂಡೆ.

ಆಗ ಸುಧಾ ಕೇಳಿದಳು, "ಅಕ್ಕ, ಆ ಪೆನ್‌ಡ್ರೈವ್ ಎಲ್ಲಿ? ಕೆಲವು ವೈರಸ್ ನಮ್ಮ ಫೈಲನ್ನೂ ಅದಕ್ಕೆ ತುಂಬಿಬಿಡ್ತವಂತೆ."

ಬೆಳಗ್ಗೆಯೇ, ಇದೆಲ್ಲ ಶುರುವಾಗುವ ಮೊದಲು, ಅದನ್ನು ಕೆಳಗಿನ ಮನೆ ಗೌರಕ್ಕನಿಗೆ ಕೊಟ್ಟಿದ್ದೆ.

ಹೇಗೆ ಓಡಿದೆನೋ ದೇವರಿಗೇ ಗೊತ್ತು. ಗೌರಕ್ಕನ ಮನೆಯಲ್ಲಿ ಮಾವ, ಮೈದುನ ಎಲ್ಲ ಟಿವಿ ಮುಂದೆ. ಪೆನ್‌ಡ್ರೈವ್ ಟಿವಿಯಲ್ಲೇ ಇದೆ, ಅವಳ ಗಂಡ ರಿಮೋಟ್ ಹಿಡಿದು ಒಂದೊಂದೇ ಫೋಲ್ಡರ್ ತೆರೆಯುತ್ತಿದ್ದಾರೆ. ನಾನು ಮಾತೇ ಆಡದೆ ಅದನ್ನು ಕಿತ್ತುಕೊಂಡೆ. ಎಲ್ಲರೂ ಬೆಪ್ಪಾಗಿ ನನ್ನನ್ನೇ ನೋಡಿದರು.

ಗೌರಕ್ಕನನ್ನು ಅಡುಗೆಮನೆಗೆ ಕರೆದೊಯ್ದು ಎಲ್ಲ ಹೇಳಿದೆ.

ಅವಳು ಮೆಲ್ಲಗೆ ಕೇಳಿದಳು, "ನಂದೂ ಇತ್ತಾ ನಿನ್ನ ಲ್ಯಾಪ್‌ಟಾಪಲ್ಲಿ?"

"ಇತ್ತು ಕಣಕ್ಕ."

ಬೈಯಲಿಲ್ಲ. ಅಲ್ಲಿ ನಾನೊಬ್ಬಳೇ ಇದ್ದೆ, ಆದರೂ ಸೆರಗೆಳೆದು ಎರಡೂ ಭುಜ ಮುಚ್ಚಿಕೊಂಡಳು.

ಮರುದಿನ ಸುಧಾ ತನ್ನ ಆಫೀಸಿನ ಸಾಹೇಬರಿಗೆ ಹೇಳಿ, ಆಂಟಿವೈರಸ್ ಇರುವ ಕಂಪ್ಯೂಟರಿನಲ್ಲಿ ತಾನೇ ಕೂತು ಆ ಪೆನ್‌ಡ್ರೈವ್ ನೋಡಿದಳು. ನಮ್ಮ ಫೋಟೋ ಒಂದೂ ಇರಲಿಲ್ಲ. ಅದನ್ನು ಗೌರಕ್ಕನಿಗೆ ಹೇಳಿ ಬಂದೆ. ಉಳಿದವರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ ನಡೆದದ್ದು ಹೇಳಿದೆ.

ಆದರೆ ಆ ಕ್ಯಾಮೆರಾ ಲೈಟ್ ಹೊತ್ತಿದ್ದಾಗ ಆಚೆ ಕಡೆ ಯಾರಿದ್ದರು, ಏನು ತೆಗೆದುಕೊಂಡರು... ಅದನ್ನು ಹೇಳಲು ಸುಧಾಳಿಂದಲೂ ಆಗಲಿಲ್ಲ.

ನಿನ್ನೆ ಹೊಸ ಗಿರಾಕಿಯೊಬ್ಬಳ ಫೋಟೋ ಬಂತು, "ಬೆನ್ನು ಸರಿ ಇದ್ಯಾ ನೋಡಿ ಅಕ್ಕ" ಅಂತ. ತೆರೆಯದೆ ಅಳಿಸಿದೆ. ಬಸ್ ಹತ್ತಿ ಬಾಮ್ಮ, ಬಾಗಿಲು ಹಾಕಿಕೊಂಡು ನೋಡೋಣ ಅಂದೆ.

ನೀವು ನಂಬಿ ಕಳಿಸಿದ ಫೋಟೋ ಈಗ ಯಾರ ಮನೆಯ ಟಿವಿಯಲ್ಲಿದೆ, ನಿಮಗೆ ಗೊತ್ತಾ?