ಉತ್ತರ ಹೇಳುವ ಸರದಿ

ನ್ಯೂಜೆರ್ಸಿಯ ನಮ್ಮ ಕನ್ನಡದವರ ಕಾರ್ಯಕ್ರಮಗಳಲ್ಲಿ ನಾನು ಮಿಮಿಕ್ರಿ ಮಾಡುವವಳು. ಸಿನಿಮಾದವರನ್ನು ಮಾಡುವುದಿಲ್ಲ, ರಾಜಕಾರಣಿಗಳನ್ನೂ ಮಾಡುವುದಿಲ್ಲ. ಎದುರಿಗೆ ಕೂತಿರುವ ನಮ್ಮವರನ್ನೇ ಮಾಡುತ್ತೇನೆ. ಅದಕ್ಕೊಂದು ಕಟ್ಟಳೆ ತಾನಾಗಿಯೇ ಬೆಳೆದುಬಂದಿದೆ. ನಾನು ಯಾರನ್ನು ಅಣಕಿಸಿದೆನೋ ಅವರು ವೇದಿಕೆ ಹತ್ತಿ, ಮೈಕ್ ಹಿಡಿದು, ನನಗೆ ಒಂದೇ ಒಂದು ಮಾತಿನ ಉತ್ತರ ಕೊಡಬೇಕು. ಸಭೆಗೆ ಬಾರದವರನ್ನು ಮಾಡುವ ಹಾಗಿಲ್ಲ. ತಿರುಗಿ ಕೊಡಲಾಗದವರಿಗೆ ಕೊಟ್ಟರೆ ಅದು ಹಾಸ್ಯವಲ್ಲ, ಚಾಡಿ.

ಈ ವಿದ್ಯೆ ನನಗೆ ಹತ್ತಿದ್ದು ಕನ್ನಡದ ಜೊತೆಜೊತೆಗೇ. ನಾನು ಬೆಳೆದದ್ದು ಇಲ್ಲಿ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನ್ನನ್ನು ನೋಡಿಕೊಂಡವರು ಅಜ್ಜಿ. ಶನಿವಾರ ಬಂತೆಂದರೆ ಟ್ರೇನಿನಲ್ಲಿ ನ್ಯೂಯಾರ್ಕಿನ ಫ್ಲಶಿಂಗ್‌ನ ಗಣೇಶನ ಗುಡಿಗೆ ಕರೆದುಕೊಂಡು ಹೋಗುವರು. ದೇವರಿಗೆ ಕೈಮುಗಿಯುವುದು ಸ್ವಲ್ಪ, ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ಮುಂದಿಟ್ಟುಕೊಂಡು ಹರಟುವುದು ಬಹಳ. ಮೈಸೂರಿನವರು, ಧಾರವಾಡದವರು, ಉಡುಪಿಯವರು, ಎಲ್ಲರೂ ಅಲ್ಲಿ ಸೇರುತ್ತಿದ್ದರು. ಯಾರ ಪಕ್ಕ ಕೂತರೆ ನನಗೆ ಅವರ ಕನ್ನಡವೇ ಬಾಯಿಗೆ ಬರುತ್ತಿತ್ತು. ಮನೆಗೆ ಬಂದು ಅದೇ ಧಾಟಿಯಲ್ಲಿ ಮಾತಾಡಿದರೆ ಅಮ್ಮ, “ಇವತ್ತು ಯಾರನ್ನೇ ಕರ್ಕೊಂಡು ಬಂದಿದೀಯ?” ಎಂದು ನಗುತ್ತಿದ್ದಳು.

ಹಾಗೆ ನನ್ನ ನಾಲಿಗೆ ಮೇಲೆ ಬಂದು ಕೂತವರಲ್ಲಿ ಎಲ್ಲರಿಗಿಂತ ಗಟ್ಟಿಗರು ಉಡುಪಿ ಕಡೆಯ ಒಬ್ಬ ಅಂಕಲ್. ಟರ್ನ್‌ಪೈಕ್ ಹೆದ್ದಾರಿಯ ಪಕ್ಕದಲ್ಲಿ ಬಹಳ ಕಾಲ ಮೋಟೆಲ್ ನಡೆಸಿದವರು. ಅವರನ್ನು ಏನೇ ಕೇಳಿ, ನೇರ ಉತ್ತರ ಎಂಬುದಿರಲಿಲ್ಲ. ಒಮ್ಮೆ ಯಾರೋ, “ಅಂಕಲ್, ಟರ್ನ್‌ಪೈಕ್‌ಗೆ ಹೇಗೆ ಹೋಗೋದು?” ಎಂದು ಕೇಳಿದರು.

“ಟರ್ನ್‌ಪೈಕಾ? ಹೋಗ್ಬಹುದು. ಆದ್ರೆ ಈಗ್ಲೇ ಯಾಕೆ ಹೋಗುದು? ಕೂತ್ಕೊ ಮಾರಾಯ, ಒಂದು ಕಾಫಿ ಕುಡಿ. ಟರ್ನ್‌ಪೈಕ್ ಎಲ್ಲಿಗೂ ಓಡಿ ಹೋಗುದಿಲ್ಲ. ನಾನು ಇಷ್ಟು ವರ್ಷದಿಂದ ನೋಡ್ತಾ ಇದ್ದೇನಲ್ಲ, ಅಲ್ಲೇ ಉಂಟು.”

ಇದನ್ನು ನಾನು ಮಾಡಿದರೆ ಸಭೆ ಬಿದ್ದು ಬಿದ್ದು ನಗುತ್ತಿತ್ತು. ಧ್ವನಿ ಹಿಡಿಯುವುದು ದೊಡ್ಡ ಮಾತಲ್ಲ. ಮನುಷ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದು ಸಿಗಬೇಕು. ಅಂಕಲ್ ಉಸಿರು ತೆಗೆದುಕೊಳ್ಳುತ್ತಿದ್ದುದು ಪ್ರಶ್ನೆ ಮುಗಿದ ಮೇಲೆ, ಒಂದು ಗಳಿಗೆ ನಮ್ಮ ಮುಖ ನೋಡಿಕೊಂಡು. ಆ ಗಳಿಗೆಯಲ್ಲಿ ಅವರು ಏನು ಹೇಳಿಯಾರು ಎಂದು ನಾವು ಕಾಯುತ್ತಿದ್ದೆವು. ಆ ಕಾಯಿಸುವಿಕೆಯೇ ಅವರ ಕಸುಬು. ಉತ್ತರದ ಸರದಿ ಬಂದಾಗಲೂ ಅಷ್ಟೇ. ವೇದಿಕೆಗೆ ಬಂದು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಇವಳು ನನ್ನ ಹಾಗೇ ಮಾತಾಡ್ತಾಳೆ, ಒಪ್ಪಿದೆ. ಆದ್ರೆ ಹಾಗೆ ಮಾತಾಡಿದ್ದಕ್ಕೆ ಮನೆಯಲ್ಲಿ ಬೈಗುಳ ತಿನ್ನುದು ಮಾತ್ರ ನಾನೊಬ್ಬನೇ, ಅದು ಯಾವ ನ್ಯಾಯ?” ಎಂದಿದ್ದರು. ಆ ದಿನ ಗೆದ್ದವರು ಅವರೇ.

ಕಳೆದ ಚಳಿಗಾಲದಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಬಿತ್ತು, ಬಾಯಿಯ ಬಲಮೂಲೆ ಇಳಿಯಿತು. ಕೇಳಿದ್ದೆಲ್ಲ ತಿಳಿಯುತ್ತದೆ, ಹೇಳಬೇಕಾದ್ದು ತಲೆಯಲ್ಲಿದೆ, ನಾಲಿಗೆಗೆ ಮಾತ್ರ ಬರುವುದಿಲ್ಲ. ಯುಗಾದಿ ಕಾರ್ಯಕ್ರಮ ಹತ್ತಿರ ಬಂದಾಗ ಆಂಟಿ, ಎಂದರೆ ಅವರ ಹೆಂಡತಿ, ಫೋನ್ ಮಾಡಿದರು.

“ಈ ಸಲ ಇವರನ್ನು ಮಾಡ್ಬೇಕಂತೆ ನೀನು.”

“ಬೇಡ ಆಂಟಿ. ಆಮೇಲೆ ಉತ್ತರ ಕೊಡೋದು...”

“ಅದಕ್ಕೇ ಅಲ್ವಾ ಮಾರಾಯ್ತಿ! ಉತ್ತರ ಕೊಡ್ತಾರಂತೆ. ಬಾತ್‌ರೂಮಿನ ಬಾಗಿಲು ಹಾಕ್ಕೊಂಡು ಪ್ರಾಕ್ಟೀಸ್ ಮಾಡ್ತಾ ಇದ್ದಾರೆ. ಎಂತ ಹೇಳ್ಲಿಕ್ಕುಂಟು ಅಂತ ನಂಗೂ ಗೊತ್ತಿಲ್ಲ. ಥೆರಪಿಸ್ಟ್ ಹೇಳ್ತಾಳೆ, ಟೈಮ್ ಕೊಟ್ರೆ ಮಾತು ಬರ್ತದೆ, ಮಧ್ಯದಲ್ಲಿ ಯಾರೂ ಬಾಯಿ ಹಾಕ್ಬಾರ್ದು ಅಂತ.”

ಆಂಟಿಯ ದನಿ ಇಳಿಯಿತು.

“ಈಗ ಜನ ಇವರ ಹತ್ರ ಮಾತೇ ಆಡುದಿಲ್ಲ. ‘ಅಂಕಲ್ ಊಟ ಮಾಡಿದ್ರಾ’ ಅಂತ ನನ್ನ ಹತ್ರ ಕೇಳುದು. ಇವರು ಅಲ್ಲೇ ಕೂತಿರ್ತಾರೆ. ಒಂದು ಸಲ, ಒಂದೇ ಸಲ ಇವರು ನಗಿಸಿಬಿಟ್ರೆ, ಆಮೇಲೆ ಯಾರೂ ಹಾಗೆ ಮಾಡ್ಲಿಕ್ಕಿಲ್ಲ.”

ಒಪ್ಪಿಕೊಂಡೆ.

ಬಾಡಿಗೆಗೆ ಪಡೆದ ಶಾಲೆಯ ಸಭಾಂಗಣ. ಮಧ್ಯಾಹ್ನದ ಊಟಕ್ಕೆ ಮೊದಲು ನನ್ನ ಸರದಿ. ಅಂಕಲ್ ಮುಂದಿನ ಸಾಲಿನಲ್ಲಿ ಆಂಟಿಯ ಪಕ್ಕ ಕೋಟು ಹಾಕಿಕೊಂಡು ಕೂತಿದ್ದರು. ನಾನು ಟರ್ನ್‌ಪೈಕ್ ಮಾಡಿದೆ, ಕಾಫಿ ಮಾಡಿದೆ, ಹೀಟರ್ ಕೆಟ್ಟಿತೆಂದು ದೂರು ಹೇಳಲು ಬಂದ ಗಿರಾಕಿಗೆ ಅವರು ಮಂಗಳೂರಿನ ಸೆಕೆಯ ವರ್ಣನೆ ಮಾಡಿ ಕಳಿಸಿದ್ದನ್ನು ಮಾಡಿದೆ. ಜನ ಮೊದಲು ಅವರ ಮುಖ ನೋಡಿ, ಅವರು ನಗುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ನಕ್ಕರು. ಅನುಮತಿ ಕೇಳಿಕೊಂಡು ಬರುವ ನಗು ಅರ್ಧ ಸತ್ತಿರುತ್ತದೆ. ಆದರೂ ನಡೆಸಿದೆ.

ಅಂಕಲ್ ಕೋಲೂರಿಕೊಂಡು ಮೇಲೆ ಬಂದರು. ಕೋಲನ್ನು ಸ್ಟ್ಯಾಂಡಿಗೆ ಆನಿಸಿ ಎಡಗೈಯಲ್ಲಿ ಮೈಕ್ ಹಿಡಿದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬಾಯಿ ತೆರೆದರು. ಏನೂ ಬರಲಿಲ್ಲ.

ಆಟದಲ್ಲಿ ಇಂಥ ಹೊತ್ತಿನಲ್ಲಿ ಎದುರು ನಿಂತವರ ಕೆಲಸ ದೊಡ್ಡದು. ನನ್ನ ಮುಖದಲ್ಲಿ ಗಾಬರಿ ಕಂಡರೆ ಸಭೆಗೆ ಅದು ಕಾಯಿಲೆ. ಅಸಹನೆ ಕಂಡರೆ ಆಟ. ಅದಕ್ಕೇ ನಾನು ಸೊಂಟದ ಮೇಲೆ ಕೈಯಿಟ್ಟು, ಇಲ್ಲದ ವಾಚು ನೋಡಿಕೊಂಡೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಂಕಲ್ ಹುಬ್ಬು ಮೇಲೇರಿತು. ಅವರಿಗೆ ಹಿಡಿಸಿತು! ಇನ್ನೊಂದಿಷ್ಟು ಹೊತ್ತು ಜನ ತಡೆದುಕೊಂಡರೆ ಸಾಕು ಎಂದುಕೊಂಡೆ.

ತಡೆದುಕೊಳ್ಳಲಿಲ್ಲ. ನಡುವಿನ ಸಾಲಿನಲ್ಲಿ ಯಾರೋ ಒಳ್ಳೆಯ ಮನಸ್ಸಿನವರು ಚಪ್ಪಾಳೆ ತಟ್ಟಿದರು. ಪಕ್ಕದವರು ತಟ್ಟಿದರು. ನೋಡನೋಡುತ್ತ ಇಡೀ ಸಭೆ ಎದ್ದು ನಿಂತಿತು. ‘ನಗುವವರ ಮುಂದೆ ಎಡವಿ ಬಿದ್ದ ಹಾಗೆ’ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಇಲ್ಲಿ ಒಬ್ಬರು ನಗುವವರನ್ನೇ ಹುಡುಕಿಕೊಂಡು ಬಂದು ಎಡವಲು ನಿಂತಿದ್ದರು. ಸಿಕ್ಕವರು ಬರೀ ಕೈ ತಟ್ಟುವವರು.

ಆ ಗದ್ದಲದಲ್ಲೇ ಅಂಕಲ್ ಮಾತಾಡಿದರು. ಮೈಕ್ ಬಾಯಿಂದ ಸರಿದಿತ್ತು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ಮೈಕ್ ಹಿಡಿದ ಕೈಯ ಬೆರಳನ್ನು ತಮ್ಮ ಬಾಯಿಯ ಕಡೆ ತಿರುಗಿಸಿ,

“ಇದನ್ನ... ಮಾ... ಮಾಡು... ನೋಡುವ.”

ಅವರ ಸವಾಲು ನನಗೆ ಹೊಳೆಯಿತು. ಹಳೆಯ ನನ್ನನ್ನು ಯಾರು ಬೇಕಾದರೂ ಮಾಡಿಯಾರು, ಈಗಿನದನ್ನು ಮಾಡು ನೋಡುವ! ಅಷ್ಟು ಹೊತ್ತಿನ ಆ ಒದ್ದಾಟವೆಲ್ಲ ಅವರ ಲೆಕ್ಕದಲ್ಲಿ ಈ ಮಾತಿಗೆ ಪೀಠಿಕೆ. ಬಾರದ ಮಾತನ್ನೇ ಅವರು ಕಾಯಿಸುವ ಕಸುಬಾಗಿ ಮಾಡಿಕೊಂಡಿದ್ದರು. ನಾನು ಗೊಳ್ಳನೆ ನಕ್ಕೆ. ಎದ್ದು ನಿಂತಿದ್ದ ಸಭೆಯಲ್ಲಿ ನಕ್ಕವಳು ನಾನೊಬ್ಬಳೇ.

ನಿರೂಪಣೆ ಮಾಡುತ್ತಿದ್ದ ಬೆಂಗಳೂರಿನ ಹುಡುಗಿ ಕಣ್ಣೊರೆಸಿಕೊಂಡು ಓಡಿಬಂದು, ಅವರ ಕೈಯಿಂದ ಮೈಕ್ ತೆಗೆದುಕೊಂಡು ನನ್ನ ಮುಂದೆ ಹಿಡಿದಳು. “ಸೋ ಸ್ವೀಟ್ ಅಂಕಲ್! ಏನೋ ಅಂದ್ರಲ್ಲಾ ಮೇಡಂ, ಏನಂದ್ರು?”

ಅವರನ್ನೇ ಕೇಳಬಹುದಿತ್ತು. ನನ್ನನ್ನು ಕೇಳಿದಳು.

ಅರ್ಥ ಬಿಡಿಸಿ ಹೇಳಿದರೆ ಅದು ವರದಿ. ಅವರ ಹಳೆಯ ದನಿಯಲ್ಲಿ ಹೇಳಿದರೆ ಆ ಮಾತಿಗೆ ತಲೆಬುಡ ಇರುವುದಿಲ್ಲ. ಅವರು ಹೇಳಿದ ಹಾಗೆ ಹೇಳಿದರೆ ಮಾತ್ರ ಅದು ಅವರ ಮಾತು. ಅಂಕಲ್ ಕಡೆ ನೋಡಿದೆ. ಅವರು ನನ್ನ ಹಾಗೆಯೇ ಎಡ ಮಣಿಕಟ್ಟನ್ನು ಮೇಲೆತ್ತಿ ಇಲ್ಲದ ವಾಚು ನೋಡಿಕೊಂಡರು.

ನಾನು ಬಾಯಿಯ ಬಲಮೂಲೆ ಇಳಿಸಿದೆ. ನಾಲಿಗೆ ದಪ್ಪ ಮಾಡಿಕೊಂಡೆ. ಬೆರಳನ್ನು ಬಾಯಿಯ ಕಡೆ ತಿರುಗಿಸಿ ಹೇಳಿದೆ: “ಇದನ್ನ... ಮಾ... ಮಾಡು... ನೋಡುವ.”

ಚಪ್ಪಾಳೆ ನಿಂತಿತು. “ಛೆ” ಎಂದರು ಯಾರೋ. “ಮಾಮ್, ವೈ ಈಸ್ ಶಿ ಡೂಯಿಂಗ್ ದಟ್?” ಎಂಬ ಮಗುವಿನ ದನಿ ಮೌನದಲ್ಲಿ ಎಲ್ಲರಿಗೂ ಕೇಳಿಸಿತು. ಅಂಕಲ್ ಮೈಯೆಲ್ಲ ಕುಲುಕಿಸಿ ನಗುತ್ತಿದ್ದರು. ಆದರೆ ಸ್ಟ್ರೋಕ್ ಆದಮೇಲೆ ಅವರ ನಗುವಿಗೂ ಅಳುವಿಗೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ. ಸಭೆ ಕಂಡದ್ದು ಅಳುವನ್ನು. ಹುಡುಗಿ ಅವರ ತೋಳು ಹಿಡಿದು ಕೆಳಗಿಳಿಸಿ, ಮಕ್ಕಳ ಡ್ಯಾನ್ಸ್ ಎಂದು ಘೋಷಿಸಿಬಿಟ್ಟಳು.

ಊಟದ ಸಾಲಿನಲ್ಲಿ ಒಬ್ಬರು ಹಿರಿಯರು ಹತ್ತಿರ ಬಂದರು. “ಹಾಗೆ ಮಾಡಬಾರದಿತ್ತು ಕಣಮ್ಮ.”

“ಅವರೇ ಹಾಗೆ ಮಾಡು ಅಂದ್ರು, ಸರ್.”

“ಅಂದಿರ್ತಾರೆ, ಪಾಪ. ಅಂದ್ರು ಅಂತ ಮಾಡೋದಾ?”

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಆಂಟಿ ಗಂಡನ ಸೀಟ್ ಬೆಲ್ಟ್ ಹಾಕುತ್ತಿದ್ದರು. ನಾನು ಓಡಿಹೋಗಿ, ಅವರು ಹೇಳಿದ್ದೇನು, ಅದು ಎಷ್ಟು ಒಳ್ಳೆಯ ಮಾತು ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ತಲೆಯೆತ್ತಲಿಲ್ಲ.

“ಒಳ್ಳೇದೇ ಇರ್ಬಹುದು. ಇಷ್ಟು ದಿನ ಒಂದು ಸಲ ಪಾಪ ಅಂತಿದ್ರು. ಇನ್ನು ಎರಡು ಸಲ ಅಂತಾರೆ. ಅಷ್ಟೇ ಆದದ್ದು.”

ಕಾರು ಹೋಯಿತು. ಆಮೇಲೆ ಕೆಲವು ದಿನ ನಾನು ಫೋನ್ ಮಾಡಲಿಲ್ಲ. ಮಾಡಿದಾಗ ಆಂಟಿ, “ಬಾ. ಅವರಿಗೆ ನೀನು ಬರ್ಬೇಕಂತೆ” ಎಂದರು. ತಮಗೂ ಬೇಕು ಎನ್ನಲಿಲ್ಲ.

ಕ್ರ್ಯಾನ್‌ಬರಿ ಎಂಬ ಊರಿನ ಹತ್ತಿರ ಅವರ ಮನೆ. ಹೋದಾಗ ಅಂಕಲ್ ಸೋಫಾದಲ್ಲಿ ಸಿದ್ಧವಾಗಿ ಕೂತಿದ್ದರು. ಕಾಫಿ ಮುಟ್ಟಲೂ ಬಿಡದೆ ಬೆರಳನ್ನು ಬಾಯಿಯ ಕಡೆ ತಿರುಗಿಸಿದರು. ಮಾಡು. ನಾನು ಆಂಟಿಯ ಮುಖ ನೋಡಿದೆ.

“ನನ್ನನ್ನೆಂತ ನೋಡ್ತಿ? ಕೇಳಿದ್ದು ಅವರು. ಅವರನ್ನು ನೋಡು.”

ಮಾಡಿದೆ. ಅಂಕಲ್ ತಲೆಯಾಡಿಸಿದರು. ಬಾಯಿ ತೆರೆದರು. ನಾನು ಕಾದೆ.

“ಬೇ... ಬೇಗ.”

ಬೇಗ ಆಯಿತಂತೆ. ಸರಿಯಾಗಿಯೇ ಹೇಳಿದ್ದರು. ವೇದಿಕೆಯ ಮೇಲೆ ಜನಕ್ಕೆ ಹೆದರಿ ನಾನು ಆ ನಿಲುಗಡೆಗಳನ್ನು ನುಂಗಿಕೊಂಡಿದ್ದೆ. ಅವರು ನಿಂತಷ್ಟು ಹೊತ್ತು ನಾನೂ ನಿಂತಿದ್ದರೆ ಜನ ನಗುತ್ತಿದ್ದರೇ? ಅವರು ಹೌದೆನ್ನುತ್ತಾರೆ, ನನಗೆ ಇಂದಿಗೂ ಗೊತ್ತಿಲ್ಲ. ಎಡಗೈಯಿಂದ ತೊಡೆ ತಟ್ಟಿ, ಎಲ್ಲಿ ನಿಲ್ಲಬೇಕು, ಎಲ್ಲಿ ಹೊರಡಬೇಕು ಎಂದು ಅವರು ತೋರಿಸತೊಡಗಿದರು. ಅವರ ಮುಖದಲ್ಲಿ ಅಷ್ಟು ಹುರುಪನ್ನು ನಾನು ಚಳಿಗಾಲದಿಂದೀಚೆಗೆ ಕಂಡಿರಲಿಲ್ಲ.

ಆಂಟಿ ಎದ್ದು ಅಡುಗೆಮನೆಗೆ ಹೋದರು. ತೊಳೆಯಲು ಪಾತ್ರೆಗಳೇನೂ ಇರಲಿಲ್ಲ, ಬರುವಾಗಲೇ ನೋಡಿದ್ದೆ. ನಲ್ಲಿಯನ್ನು ಪೂರ್ತಿ ತಿರುಗಿಸಿದ ಸದ್ದು ಬಂತು, ನೀರು ಖಾಲಿ ಸಿಂಕಿಗೆ ಬೀಳುತ್ತಲೇ ಇತ್ತು. ಅಂಕಲ್ ಅದನ್ನು ಕೇಳಿಸಿಕೊಂಡರು. ಒಂದು ಗಳಿಗೆ ಆ ಕಡೆ ನೋಡಿದರು. ಆಮೇಲೆ ಮತ್ತೆ ತೊಡೆ ತಟ್ಟಿದರು, ನಾನು ಬಾಯಿಯ ಬಲಮೂಲೆಯನ್ನು ಇಳಿಸಿದೆ.